ಗಡ್ಡೆಯೋ, ಕೀವೋ? ಗಾಜಿನ ಈಚೆ ಕೂತ ‘ಅಲ್ಲಾಡಬೇಡಿ ಅಕ್ಕ’

ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷ ಇದೆ. ಆಸ್ಪತ್ರೆಯ ನೆಲಮಾಳಿಗೆಯ ಉದ್ದನೆಯ ಓಣಿಯಲ್ಲಿ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ, ಇನ್ನೊಂದು ಉರಿಯಲೋ ಬೇಡವೋ ಎಂದು ಮಿಣುಕುತ್ತಿದೆ. ಓಣಿಯ ಕೊನೆಯ ಕೋಣೆಯ ಮುಂದೆ ಐವತ್ತಾರು ವರ್ಷದ ಹೆಂಗಸೊಬ್ಬರು ನಿಂತಿದ್ದಾರೆ. ಕೈಗಡಿಯಾರ ಬಿಚ್ಚುತ್ತಾರೆ, ಉಂಗುರ ತೆಗೆಯುತ್ತಾರೆ, ತಲೆಗೂದಲಿಗೆ ಸಿಕ್ಕಿಸಿದ್ದ ಎರಡು ಪಿನ್ನು ಕಿತ್ತು, ಎಲ್ಲವನ್ನೂ ಒಂದು ಹಳೇ ಪ್ಲಾಸ್ಟಿಕ್ ಡಬ್ಬಿಗೆ ಹಾಕುತ್ತಾರೆ. ಒಮ್ಮೆ ಮೈ ತಡವಿಕೊಂಡು ನೋಡಿಕೊಂಡ ಮೇಲೆಯೇ ಆ ಭಾರದ ಬಾಗಿಲನ್ನು ಭುಜದಿಂದ ತಳ್ಳುತ್ತಾರೆ.

ಒಳಗೆ ಎಂಆರ್‌ಐ ಯಂತ್ರ. ರಾತ್ರಿ ಎಲ್ಲರೂ ಮನೆಗೆ ಹೋದರೂ ಇದರ ಅಯಸ್ಕಾಂತ ಮಲಗುವುದಿಲ್ಲ. ಚಿಕ್, ಚಿಕ್ ಎಂದು ಒಂದೇ ತಾಳದಲ್ಲಿ ಸದ್ದು ಮಾಡುತ್ತಲೇ ಇರುತ್ತದೆ. ಆಕೆ ಬಾಗಿಲಲ್ಲೇ ನಿಂತು ಆ ಸದ್ದನ್ನು ಅರ್ಧ ನಿಮಿಷ ಕೇಳಿಸಿಕೊಳ್ಳುತ್ತಾರೆ. ಆಮೇಲೆ ಮನುಷ್ಯರ ತಲೆಯಷ್ಟೇ ದಪ್ಪನೆಯ, ನೀರು ತುಂಬಿದ ಪ್ಲಾಸ್ಟಿಕ್ ಚೆಂಡೊಂದನ್ನು ಎತ್ತಿ, ರೋಗಿ ತಲೆಯಿಡುವ ಜಾಗದಲ್ಲಿ ಇಟ್ಟು, ಹೊರಗೆ ಬಂದು ಗಾಜಿನ ಈಚೆ ಕೂತು ಅದರ ಚಿತ್ರ ತೆಗೆಯುತ್ತಾರೆ. ಚೆಂಡು ಚೆಂಡಿನಂತೆ ಕಾಣಬೇಕು. ಕೋಳಿಮೊಟ್ಟೆಯಂತೆ ಕಂಡರೆ ಆ ದಿನದ ಕೆಲಸ ಶುರುವಾಗುವುದಿಲ್ಲ.

“ದಿನದ ಮೊದಲ ಪೇಷಂಟ್ ಇವ್ನೇ. ಒಂದು ಚೂರೂ ಅಲ್ಲಾಡಲ್ಲ, ಸದ್ದು ಜಾಸ್ತಿ ಅನ್ನಲ್ಲ, ಮಧ್ಯದಲ್ಲಿ ಬಾತ್‌ರೂಮ್‌ಗೆ ಹೋಗ್ಬೇಕು ಅನ್ನಲ್ಲ. ಎಲ್ರೂ ಇವ್ನ ಥರ ಇದ್ದಿದ್ರೆ ನಾನು ಮಧ್ಯಾಹ್ನದೊಳಗೆ ಮನೆ ಸೇರ್ತಿದ್ದೆ” ಎಂದು ಆಕೆ ನಗುತ್ತಾರೆ.

ಆಸ್ಪತ್ರೆಯಲ್ಲಿ ಆಕೆಯ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇದೆ. ಉಳಿದಂತೆ, ದೊಡ್ಡ ಡಾಕ್ಟರಿಂದ ಹಿಡಿದು ಲಿಫ್ಟಿನವರವರೆಗೂ ಎಲ್ಲರ ಬಾಯಲ್ಲೂ ಆಕೆ ‘ಅಲ್ಲಾಡಬೇಡಿ ಅಕ್ಕ’. ದಿನಕ್ಕೆ ನೂರು ಸಲವಾದರೂ ಮೈಕಿನಲ್ಲಿ ಹೇಳುವ ಮಾತು ಅದೊಂದೇ ಆದ್ದರಿಂದ ಆ ಹೆಸರು ಅಂಟಿಕೊಂಡಿದೆ. ಆಕೆಯ ಗಂಡ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಓಡಿಸುವುದನ್ನು ಕಲಿಸುತ್ತಾರೆ. “ನಾನು ದಿನವಿಡೀ ಜನರಿಗೆ ‘ಹೊರಡಿ ಹೊರಡಿ’ ಅಂತೀನಿ, ಇವಳು ‘ಅಲ್ಲಾಡಬೇಡಿ’ ಅಂತಾಳೆ. ನಮ್ಮ ಸಂಸಾರ ಹಾಗೇ ಸರಿತೂಕದಲ್ಲಿ ನಡೀತಿದೆ” ಎನ್ನುವುದು ಅವರ ಮಾಮೂಲಿ ತಮಾಷೆ. ಎಂಬತ್ತು ದಾಟಿದ ಅತ್ತೆಗೆ ಮಾತ್ರ ಸೊಸೆಯ ಕೆಲಸ ಏನೆಂದು ಇನ್ನೂ ಪೂರ್ತಿ ತಿಳಿದಿಲ್ಲ. ಯಾರಾದರೂ ಕೇಳಿದರೆ, “ತಲೆ ಒಳಗಿನ ಫೋಟೋ ತೆಗೀತಾಳಂತೆ. ನಮ್ಮನೆಯಲ್ಲಿ ಒಬ್ಬರದ್ದೂ ಒಂದು ನೆಟ್ಟಗಿನ ಫೋಟೋ ಇಲ್ಲ” ಎನ್ನುತ್ತಾರೆ.

ಅಕ್ಕನ ಸರದಿ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ. ಅಷ್ಟರಲ್ಲಿ ಹನ್ನೊಂದೋ ಹನ್ನೆರಡೋ ಜನರ ಸ್ಕ್ಯಾನ್ ಮುಗಿಯಬೇಕು. ಅದರಲ್ಲಿ ಅರ್ಧದಷ್ಟು ತಲೆಯವು, ಉಳಿದವು ಬೆನ್ನು, ಮಂಡಿ, ಹೊಟ್ಟೆ. ಒಬ್ಬೊಬ್ಬರಿಗೆ ಇಪ್ಪತ್ತೈದು ನಿಮಿಷದಿಂದ ಮುಕ್ಕಾಲು ಗಂಟೆ. ಈ ಯಂತ್ರದ ಮುಂದೆ ಹದಿನೈದು ವರ್ಷ ಕಳೆದಿವೆ. ಗುಣಿಸಿ ನೋಡಿದರೆ ನಲವತ್ತು ಸಾವಿರ ದಾಟುತ್ತದೆ. ಆಕೆ ಗುಣಿಸಿ ನೋಡಿಲ್ಲ. “ಇವತ್ತಿನ ಪಟ್ಟಿ ಮುಗಿಸೋದೇ ಸಾಕಾಗಿರುತ್ತೆ” ಎನ್ನುತ್ತಾರೆ.

ತಲೆಯ ಸ್ಕ್ಯಾನಿಗೆ ಬರುವವರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿ ಇರುವುದು ಒಂದೇ ಪದ: ಗಡ್ಡೆ. ಬಾಯಿಬಿಟ್ಟು ಹೇಳುವವರು ಕಡಿಮೆ. “ಅದು ಇದೆಯಾ ಅಂತ ನೋಡ್ಬೇಕಂತೆ” ಎನ್ನುತ್ತಾರೆ. ಆದರೆ ಮಿದುಳಿನಲ್ಲಿ ಗಡ್ಡೆಯಂತೆ ಕಾಣುವುದೆಲ್ಲ ಗಡ್ಡೆಯಲ್ಲ. ಕ್ಷಯದ ಗಂಟು ಇರಬಹುದು, ಹೊಟ್ಟೆಗೆ ಹೋದ ಹುಳದ ಮೊಟ್ಟೆ ತಲೆಗೇರಿ ಕಟ್ಟಿದ ಕೋಶ ಇರಬಹುದು, ರಕ್ತನಾಳ ಕಟ್ಟಿಕೊಂಡು ಊದಿದ ಜಾಗ ಇರಬಹುದು, ಹಳೇ ರಕ್ತಸ್ರಾವದ ಗುರುತು ಇರಬಹುದು, ಎಲ್ಲಿಂದಲೋ ಸೋಂಕು ಹರಿದುಬಂದು ಕೀವು ತುಂಬಿದ ಕುರು ಇರಬಹುದು. ಸಾಮಾನ್ಯ ಸ್ಕ್ಯಾನಿನಲ್ಲಿ ಇವುಗಳಲ್ಲಿ ಕೆಲವು ಒಂದೇ ತಾಯಿ ಮಕ್ಕಳಂತೆ ಕಾಣುತ್ತವೆ. ನಡುವೆ ಕಪ್ಪು, ಸುತ್ತ ಬಿಳಿ ಉಂಗುರ, ಅದರಾಚೆ ಊತ. ಚಿಕಿತ್ಸೆ ಮಾತ್ರ ಒಂದಕ್ಕೊಂದು ಉತ್ತರ ದಕ್ಷಿಣ. ಒಂದಕ್ಕೆ ತಲೆಬುರುಡೆ ತೆರೆದು ಗಡ್ಡೆ ಕತ್ತರಿಸಬೇಕು, ಇನ್ನೊಂದಕ್ಕೆ ತಿಂಗಳುಗಟ್ಟಲೆ ಮಾತ್ರೆ ಸಾಕು, ಮತ್ತೊಂದಕ್ಕೆ ಇವತ್ತೇ ಸೂಜಿ ಹಾಕಿ ಕೀವು ಎಳೆಯಬೇಕು.

ಅದನ್ನು ಬೇರೆ ಮಾಡಿ ಹೇಳುವುದು ಅಕ್ಕನ ಕೆಲಸವಲ್ಲ. ಅದಕ್ಕೆ ಎರಡು ಬಾಗಿಲು ಆಚೆ, ಕತ್ತಲು ಕೋಣೆಯಲ್ಲಿ ಕೂರುವ ರೇಡಿಯಾಲಜಿ ಡಾಕ್ಟರಿದ್ದಾರೆ. ಅಕ್ಕನ ಕೆಲಸ, ಅವರು ಬೇರೆ ಮಾಡಿ ಹೇಳಬಹುದಾದಂಥ ಚಿತ್ರ ಕೊಡುವುದು. ಆಕೆಗಿಂತ ಹತ್ತೊಂಬತ್ತು ವರ್ಷ ಚಿಕ್ಕವರಾದ ಆ ಡಾಕ್ಟರು ಇದನ್ನು ನೇರವಾಗಿಯೇ ಹೇಳುತ್ತಾರೆ: “ನಾನು ನೋಡೋದು ಅಕ್ಕ ಕೊಟ್ಟಿದ್ದನ್ನ ಮಾತ್ರ. ಚಿತ್ರ ಕದಡಿಹೋಗಿದ್ರೆ ನನ್ನ ಓದೆಲ್ಲ ಕಟ್ಟಿಕೊಂಡು ಏನ್ ಮಾಡ್ಲಿ?”

ಅಕ್ಕನ ತಂದೆ ಇದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದರು. ರಕ್ತ, ಔಷಧಿಯ ಕಲೆಯಾದ ಚಾದರಗಳನ್ನು ಬಿಸಿನೀರಿಗೆ ಹಾಕಿ ಕೋಲಿನಿಂದ ತಿರುವುತ್ತಿದ್ದರು. ಶಾಲೆ ಬಿಟ್ಟ ಕೂಡಲೇ ಮಗಳು ಅಲ್ಲಿಗೇ ಓಡಿಬಂದು, ಒಣಗಿದ ಚಾದರಗಳ ರಾಶಿಯ ಮೇಲೆ ಕೂತು ಪಾಠ ಓದಿಕೊಳ್ಳುತ್ತಿದ್ದಳು. ಶಾಲೆ ಮುಗಿದ ಮೇಲೆ ಎಕ್ಸ್‌ರೇ ಕೋರ್ಸಿಗೆ ಸೇರಿದ್ದೂ ತಂದೆಯ ಮಾತಿನ ಮೇಲೆಯೇ. “ಅಪ್ಪ ಒಂದೇ ಮಾತು ಹೇಳಿದ್ರು. ಮಗಾ, ಆ ವಿಭಾಗದ ಚಾದರದಲ್ಲಿ ಕಲೆ ಇರಲ್ಲ ನೋಡು, ಅಲ್ಲಿಗೇ ಸೇರ್ಕೋ ಅಂತ.”

ಇಪ್ಪತ್ತೈದನೇ ವಯಸ್ಸಿಗೆ ಎಕ್ಸ್‌ರೇ ವಿಭಾಗದ ಕತ್ತಲೆ ಕೋಣೆಗೆ ಕಾಲಿಟ್ಟರು. ಆಗೆಲ್ಲ ಫಿಲ್ಮನ್ನು ರಾಸಾಯನಿಕದ ತೊಟ್ಟಿಯಲ್ಲಿ ಅದ್ದಿ ತೊಳೆಯಬೇಕಿತ್ತು. ಕೈಬೆರಳೆಲ್ಲ ಹಳದಿ, ಮೈಯೆಲ್ಲ ಹುಳಿ ಹುಳಿ ವಾಸನೆ. ಮದುವೆಯಾದ ಹೊಸತರಲ್ಲಿ ಗಂಡ ಮೂಗು ಮುಚ್ಚಿಕೊಂಡು, “ಏನಿದು, ಉಪ್ಪಿನಕಾಯಿ ಕಾರ್ಖಾನೇಲಿ ಕೆಲಸಾನಾ?” ಎಂದಿದ್ದರಂತೆ. ಹದಿನಾರು ವರ್ಷ ಹಾಗೆ ನಡೆಯಿತು. ಆಮೇಲೆ ಆಸ್ಪತ್ರೆಗೆ ಎಂಆರ್‌ಐ ಬಂತು. ಇಬ್ಬರನ್ನು ಆರಿಸಿ ತರಬೇತಿಗೆ ಹಾಕಿದರು. ಇನ್ನೊಬ್ಬರು ಬೇರೆಡೆ ಒಳ್ಳೆಯ ಕೆಲಸ ಸಿಕ್ಕಿ ಹೋದರು. ನಲವತ್ತೊಂದರ ಅಕ್ಕ ಇಪ್ಪತ್ತೆರಡರ ಹುಡುಗಿಯರ ಪಕ್ಕ ಕೂತು ಮೊದಲಿನಿಂದ ಕಲಿತರು. ಕೈಪಿಡಿ ಇದ್ದದ್ದು ಇಂಗ್ಲಿಷಿನಲ್ಲಿ, ನಾನೂರು ಪುಟ. ಅದನ್ನೂ ಒಂದು ನಿಘಂಟನ್ನೂ ಅಡುಗೆಮನೆಯ ಕಪಾಟಿನಲ್ಲಿ ಇಟ್ಟುಕೊಂಡಿದ್ದರು. “ಕುಕ್ಕರ್ ಮೂರು ಸಲ ಕೂಗೋದ್ರೊಳಗೆ ಒಂದು ಪುಟ ಅಂತ ಲೆಕ್ಕ. ಎಷ್ಟೋ ಸಲ ಪುಟ ಅರ್ಥ ಆಗೋವಷ್ಟರಲ್ಲಿ ಬೇಳೆ ತಳ ಹಿಡಿದಿರ್ತಿತ್ತು” ಎಂದು ನೆನೆಯುತ್ತಾರೆ.

ಆಕೆ ಅಷ್ಟೊಂದು ಕಟ್ಟುನಿಟ್ಟಾಗಲು ಒಂದು ಕಾರಣವಿದೆ. ಅದನ್ನು ಕೇಳಿದರೆ ಮಾತ್ರ ಹೇಳುತ್ತಾರೆ, ಹೇಳುವಾಗ ಮುಖ ತಿರುಗಿಸಿಕೊಳ್ಳುತ್ತಾರೆ. ಹದಿಮೂರು ವರ್ಷದ ಹಿಂದೆ ಒಬ್ಬ ಮುದುಕ ಬಡಗಿ ಬಂದಿದ್ದರು. ತಲೆ, ಕೈ ಎರಡೂ ನಡುಗುತ್ತಿದ್ದವು. ಚಿತ್ರ ಸರಿಯಾಗಿ ಮೂಡಲಿಲ್ಲ. ಆಕೆಯ ಸರದಿ ಮುಗಿಯಲು ಹತ್ತು ನಿಮಿಷವಿತ್ತು, ಹೊರಗೆ ಇನ್ನೊಬ್ಬರು ಕಾಯುತ್ತಿದ್ದರು. ಇಷ್ಟು ಸಾಕು ಎಂದು ಕಳಿಸಿಬಿಟ್ಟರು. ‘ಸ್ಪಷ್ಟವಿಲ್ಲ, ಮತ್ತೊಮ್ಮೆ ಮಾಡಿಸಿ’ ಎಂದು ವರದಿ ಬಂತು. ಬಡಗಿಯ ಮನೆ ದೂರ, ಕರೆತರುವ ಮಗನಿಗೆ ರಜೆ ಇಲ್ಲ. ಮತ್ತೆ ಬಂದದ್ದು ಹತ್ತೊಂಬತ್ತು ದಿನಗಳ ಮೇಲೆ, ಅದೂ ಸ್ಟ್ರೆಚರಿನಲ್ಲಿ.

“ನಡ್ಕೊಂಡು ಬಂದಿದ್ದ ಮನುಷ್ಯ. ಆ ಹತ್ತೊಂಬತ್ತು ದಿನದಲ್ಲಿ ಕಾಲು ಬಿದ್ದುಹೋಗಿತ್ತು. ಮೊದಲನೇ ಸಲವೇ ಸರಿಯಾಗಿ ಬಂದಿದ್ರೂ ಬೀಳ್ತಿತ್ತೋ ಏನೋ, ಡಾಕ್ಟ್ರು ಹಾಗೇ ಸಮಾಧಾನ ಮಾಡಿದ್ರು. ಆದ್ರೆ ಆ ಹತ್ತೊಂಬತ್ತು ದಿನ ನಂದು. ಬೇರೆ ಯಾರ ತಲೆಗೂ ಕಟ್ಟೋಕಾಗಲ್ಲ.”

ಅಂದಿನಿಂದ ಚಿತ್ರ ಕದಡಿದರೆ ಅಕ್ಕ ರೋಗಿಯನ್ನು ಮೇಜಿನಿಂದ ಇಳಿಸುವುದಿಲ್ಲ. ಇದರಿಂದ ಬೈಗುಳವೂ ಸಾಕಷ್ಟು ಸಿಕ್ಕಿದೆ. ಪಟ್ಟಿ ಹಿಂದೆ ಬೀಳುತ್ತದೆ, ಹೊರಗಿನ ಬೆಂಚಿನಲ್ಲಿ ಕೂತವರು ಗೊಣಗುತ್ತಾರೆ, ಮೇಲಿನಿಂದ ಫೋನು ಬರುತ್ತದೆ. ಆಕೆ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು, “ಆಯ್ತು ಸಾರ್, ಇನ್ನೆರಡು ನಿಮಿಷ” ಎನ್ನುತ್ತಾರೆ.

ಆ ಎರಡು ನಿಮಿಷದ ಬೆಲೆ ತಿಳಿಯಬೇಕಾದರೆ ಕಳೆದ ವರ್ಷ ಬಂದ ಲೆಕ್ಕದ ಮೇಷ್ಟ್ರ ಕತೆ ಕೇಳಬೇಕು.

ಮೇಷ್ಟ್ರಿಗೆ ನಲವತ್ತೆರಡು ವರ್ಷ. ಮೂರು ವಾರದಿಂದ ತಲೆನೋವು. ಆಮೇಲೆ ಮಾತು ಜಾರತೊಡಗಿತು. ಸೀಮೆಸುಣ್ಣ ಕೊಡು ಎನ್ನಲು ಹೋಗಿ “ಅದು, ಬಿಳೀದು, ಬರೆಯೋದು” ಎನ್ನುತ್ತಿದ್ದರಂತೆ. ಒಂದು ದಿನ ತರಗತಿಯಲ್ಲೇ ಫಿಟ್ಸ್ ಬಂದು ಬಿದ್ದರು. ಬೇರೊಂದು ಕಡೆ ಮಾಡಿಸಿದ ಸಿ.ಟಿ. ಸ್ಕ್ಯಾನಿನಲ್ಲಿ ಎಡಗಡೆ, ಕಿವಿಯ ಮೇಲ್ಭಾಗದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಗಂಟು ಕಂಡಿತ್ತು. ಚೀಟಿಯಲ್ಲಿ ಬರೆದಿದ್ದರು: ಗಡ್ಡೆ, ಕ್ಯಾನ್ಸರ್ ಶಂಕೆ. ನಾಲ್ಕು ದಿನ ಬಿಟ್ಟು, ಗುರುವಾರ ಆಪರೇಷನ್ ಎಂದು ನಿಗದಿಯಾಗಿತ್ತು. ಅಲ್ಲಿಯವರೆಗೆ ಊತ ಇಳಿಸುವ ಮಾತ್ರೆ, ಮತ್ತು ಆಪರೇಷನ್ನಿಗೆ ಮುಂಚೆ ಒಂದು ಎಂಆರ್‌ಐ. ಜೊತೆಗೆ ಹೆಂಡತಿ ಮತ್ತು ಅಣ್ಣ ಬಂದಿದ್ದರು. ಅಣ್ಣನಿಗೆ ಕ್ಯಾನ್ಸರ್ ಶಂಕೆಯ ವಿಷಯ ಗೊತ್ತಿತ್ತು. ಅವರು ಅದನ್ನು ತಮ್ಮನ ಹೆಂಡತಿಗೆ ಹೇಳಿರಲಿಲ್ಲ. ಹೆಂಡತಿಗೂ ಗೊತ್ತಿತ್ತು. ಅವರೂ ಭಾವನಿಗೆ ಹೇಳಿರಲಿಲ್ಲ.

ಒಳಗೆ ಬಿಡುವ ಮುಂಚೆ ಅಕ್ಕ ಎಲ್ಲರಿಗೂ ಕೇಳುವ ಪ್ರಶ್ನೆಗಳ ಒಂದು ಹಾಳೆ ಇದೆ. ಮೈಯಲ್ಲಿ ಎಲ್ಲಾದರೂ ಲೋಹ ಇದೆಯೇ, ಹೃದಯಕ್ಕೆ ಯಂತ್ರ ಹಾಕಿಸಿದ್ದೀರಾ, ಕಟ್ಟಿಸಿದ ಹಲ್ಲು ಇದೆಯೇ. ಹೆಚ್ಚಿನವರು ಎಲ್ಲದಕ್ಕೂ ಇಲ್ಲ, ಇಲ್ಲ ಎನ್ನುತ್ತ ಸಹಿ ಹಾಕುತ್ತಾರೆ. ಹಲ್ಲಿನ ಪ್ರಶ್ನೆ ಬಂದಾಗ ಮೇಷ್ಟ್ರ ಹೆಂಡತಿ, “ಕಟ್ಟಿಸಿದ್ದು ಇಲ್ಲ ಅಕ್ಕಾ. ಒಂದು ದವಡೆ ಹಲ್ಲು ಕೊಳೆತಿತ್ತು. ಕೆನ್ನೆ ಊದಿಕೊಂಡು ಒಂದು ವಾರ ಒದ್ದಾಡಿದ್ರು. ಮಾತ್ರೆ ತಗೊಂಡ್ಮೇಲೆ ನೋವು ಹೋಯ್ತು ಅಂತ ಹಾಗೇ ಬಿಟ್ರು” ಎಂದರು.

“ಎಷ್ಟು ದಿನ ಆಯ್ತು?”

“ತಲೆನೋವು ಶುರುವಾಗೋಕೆ ಒಂದು ತಿಂಗಳು ಮುಂಚೆ ಇರ್ಬೇಕು.”

ಹಾಳೆಯಲ್ಲಿ ಇದಕ್ಕೆ ಜಾಗವಿಲ್ಲ. ಅಕ್ಕ ಅಂಚಿನಲ್ಲಿ ಸಣ್ಣಗೆ ಬರೆದುಕೊಂಡರು: ಹಲ್ಲು, ಊತ, ಎರಡು ತಿಂಗಳ ಕೆಳಗೆ.

ಮೇಷ್ಟ್ರು ಕೊಳವೆಯೊಳಗೆ ಮಲಗಿದರು. ಎರಡನೇ ನಿಮಿಷಕ್ಕೇ ತೊಂದರೆ ಶುರುವಾಯಿತು. ಯಂತ್ರ ಸುತ್ತಿಗೆಯಿಂದ ತಗಡು ಬಡಿದಂತೆ ಸದ್ದು ಮಾಡುತ್ತದೆ. ಮೂಗಿನಿಂದ ಒಂದು ಗೇಣು ದೂರದಲ್ಲಿ ಗೋಡೆ. ಮೇಷ್ಟ್ರು ತಲೆ ಹೊರಳಿಸಿದರು. ಗಡ್ಡೆಯನ್ನೂ ಕೀವನ್ನೂ ಬೇರೆ ಮಾಡಲು ನೆರವಾಗುವ, ಡಿಫ್ಯೂಷನ್ ಎಂಬ ಚಿತ್ರಗಳ ಗೊಂಚಲು ಪೂರ್ತಿ ಕದಡಿಹೋಯಿತು. ಅಕ್ಕ ಪುಸಲಾಯಿಸಿ ಉಳಿದ ಚಿತ್ರಗಳನ್ನು ಹೇಗೋ ತೆಗೆದರು. ಗಂಟು ಎದ್ದು ಕಾಣಲೆಂದು ಕೈಗೆ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟ ಮೇಲೂ ಕೆಲವು ಬಂದವು. ನಡುವೆ ಕಪ್ಪು, ಬಿಳಿ ಉಂಗುರ, ಸುತ್ತ ಊತ. ಗಡ್ಡೆಯೂ ಹಾಗೇ ಕಾಣುತ್ತದೆ, ಕುರುವೂ ಹಾಗೇ ಕಾಣುತ್ತದೆ. ಅಷ್ಟರಲ್ಲಿ ಮೇಷ್ಟ್ರು ಕೈಯಲ್ಲಿದ್ದ ರಬ್ಬರಿನ ಸಣ್ಣ ಚೆಂಡನ್ನು ಹಿಂಡಿದರು. ತಡೆಯಲಾರೆ, ಹೊರಗೆ ತೆಗೆಯಿರಿ ಎಂಬುದರ ಸೂಚನೆ ಅದು.

ಮೇಜನ್ನು ಹೊರಗೆ ಎಳೆದಾಗ ಅವರ ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ಅಣ್ಣ ಬಾಗಿಲಲ್ಲಿ ನಿಂತು ನೋಡಿದವರು ಸಿಡುಕಿದರು.

“ಸಾಕು ಬಿಡ್ರಮ್ಮ! ಏನಿದೆ ಅಂತ ಆಗ್ಲೇ ಗೊತ್ತಾಗಿದೆ. ಇನ್ನೆಷ್ಟು ಹಿಂಸೆ ಕೊಡ್ತೀರಿ ಅವನಿಗೆ?”

ಅಕ್ಕ ತಮ್ಮ ಮನಸ್ಸಿನಲ್ಲಿದ್ದುದನ್ನು ಹೇಳುವಂತಿರಲಿಲ್ಲ. ಕೀವಿರಬಹುದು ಎಂದು ಆಕೆಯ ಬಾಯಿಂದ ಬಂದು, ಕೊನೆಗೆ ಗಡ್ಡೆಯೇ ಆಗಿಬಿಟ್ಟರೆ ಆ ಮನೆಯವರ ಗತಿ ಏನು? “ಅಣ್ಣಾವ್ರೇ, ಒಂದು ಚಿತ್ರ ಸರಿಯಾಗಿ ಬಂದಿಲ್ಲ. ಎರಡೇ ನಿಮಿಷ. ಇದಾದ್ಮೇಲೆ ನಾನು ಅವ್ರನ್ನ ಮುಟ್ಟಲ್ಲ” ಎಂದರು. ಅಣ್ಣ ಮುಖ ಗಂಟು ಹಾಕಿಕೊಂಡು ಹೊರಗೆ ಹೋದರು. ಅಕ್ಕ ಹೆಂಡತಿಯ ಕಡೆ ತಿರುಗಿ, “ಯಜಮಾನ್ರು ಏನ್ ಪಾಠ ಹೇಳ್ತಾರಮ್ಮ?” ಎಂದು ಕೇಳಿದರು.

“ಲೆಕ್ಕ ಅಕ್ಕಾ. ಮಾತು ತಪ್ಪಿದ್ರೂ ಮಗ್ಗಿ ಮಾತ್ರ ಈಗ್ಲೂ ತಪ್ಪಿಲ್ಲ. ನಿನ್ನೆ ರಾತ್ರಿ ಕೂಡ ಹೇಳ್ತಿದ್ರು.”

ಅಕ್ಕ ಮೇಜಿನ ಪಕ್ಕ ಬಗ್ಗಿದರು. ಬೆವರು ಒರೆಸಿದರು. “ಮೇಷ್ಟ್ರೇ, ಇಲ್ಲಿ ಕೇಳಿ. ನಾನು ಶಾಲೇಲಿ ಲೆಕ್ಕದಲ್ಲಿ ಸೊನ್ನೆ. ನೀವು ಮನಸ್ಸಲ್ಲೇ ಹದಿನೇಳರ ಮಗ್ಗಿ ಹೇಳ್ಬೇಕು, ಆಮೇಲೆ ಹದಿನೆಂಟರದು, ಆಮೇಲೆ ಹತ್ತೊಂಬತ್ತರದು. ತುಟಿ ಅಲ್ಲಾಡಬಾರ್ದು, ಗಲ್ಲ ಅಲ್ಲಾಡಬಾರ್ದು. ಹತ್ತೊಂಬತ್ತು ಹತ್ಲೇ ಎಷ್ಟು ಅಂತ ಹೊರಗೆ ಬಂದ್ಮೇಲೆ ನಂಗೆ ಹೇಳ್ಬೇಕು. ನೀವು ಮುಗಿಸೋದ್ರೊಳಗೆ ನಂದು ಮುಗಿಯುತ್ತೆ. ಯಾರು ಮುಂದೆ ನೋಡೋಣ.”

ಮೇಷ್ಟ್ರು ಆಕೆಯನ್ನೇ ನೋಡಿದರು. ಆಮೇಲೆ ಕಣ್ಣು ಮುಚ್ಚಿ ತಲೆಯಾಡಿಸಿದರು.

“ಆಯ್ತಾ? ಇದೇ ಕೊನೇ ಅಲ್ಲಾಟ!”

ಮೇಜು ಒಳಗೆ ಹೋಯಿತು. ಅಕ್ಕ ಗಾಜಿನ ಈಚೆ ಕೂತು ಗುಂಡಿ ಒತ್ತಿದರು. ತಗಡು ಬಡಿಯುವ ಸದ್ದು ಮತ್ತೆ ಶುರುವಾಯಿತು. ಗಾಜಿನ ಆಚೆ ಮೇಷ್ಟ್ರ ಪಾದಗಳು ಮಾತ್ರ ಕಾಣುತ್ತಿದ್ದವು. ಎಡಗಾಲಿನ ಹೆಬ್ಬೆರಳು ಒಮ್ಮೆ ಮಿಸುಕಿತು. ಅಕ್ಕ ಮೈಕಿನ ಕಡೆ ಬಾಗಿದರು. ಹೆಬ್ಬೆರಳು ಸುಮ್ಮನಾಯಿತು. ಎರಡು ನಿಮಿಷ ಎಂಟು ಸೆಕೆಂಡು. ಸದ್ದು ನಿಂತಿತು.

ಪರದೆಯ ಮೇಲೆ ಚಿತ್ರಗಳು ಒಂದೊಂದಾಗಿ ಮೂಡಿದವು, ಈ ಸಲ ಚೊಕ್ಕವಾಗಿ. ಉಳಿದ ಚಿತ್ರಗಳಲ್ಲಿ ಕಪ್ಪಾಗಿದ್ದ ನಡುಭಾಗ ಇಲ್ಲಿ ಬೆಳ್ಳಗೆ, ಬಲ್ಬಿನಂತೆ ಹೊಳೆಯುತ್ತಿತ್ತು. ಅದರ ಜೊತೆ ಜೋಡಿಯಾಗಿ ಬರುವ ಇನ್ನೊಂದು ಚಿತ್ರದಲ್ಲಿ ಅದೇ ಜಾಗ ಕಡುಕಪ್ಪು.

ಇದರ ಅರ್ಥವನ್ನು ಅಕ್ಕ ತಮ್ಮದೇ ರೀತಿಯಲ್ಲಿ ವಿವರಿಸುತ್ತಾರೆ. “ಒಂದು ಲೋಟ ನೀರಿಗೆ ಒಂದು ಹನಿ ಶಾಯಿ ಬಿಡಿ. ಹರಡಿಬಿಡುತ್ತೆ. ಅದೇ ಗಟ್ಟಿ ಗೋಂದಿಗೆ ಬಿಡಿ. ಬಿದ್ದ ಜಾಗದಲ್ಲೇ ಕೂತಿರುತ್ತೆ. ಗಡ್ಡೆ ನಡುವೆ ಸತ್ತುಹೋದ ಜಾಗ ಇರುತ್ತಲ್ಲ, ಅಲ್ಲಿ ಸಾಮಾನ್ಯವಾಗಿ ತೆಳ್ಳಗೆ ನೀರು ನೀರು. ಕೀವು ಗೋಂದಿನ ಥರ. ಅದರೊಳಗೆ ನೀರಿಗೆ ಓಡಾಡೋಕಾಗಲ್ಲ. ನೀರು ಎಲ್ಲಿ ಸಿಕ್ಕಿಹಾಕ್ಕೊಂಡಿದೆಯೋ ಅಲ್ಲಿ ಈ ಚಿತ್ರ ಬೆಳ್ಳಗೆ ಕಾಣುತ್ತೆ. ಅಷ್ಟೇ.”

ಮೇಷ್ಟ್ರನ್ನು ಮೇಜಿನಿಂದ ಇಳಿಸುವ ಮುಂಚೆ ಅಕ್ಕ ಫೋನು ಎತ್ತಿದರು. “ಸಾರ್, ಸ್ವಲ್ಪ ಬರ್ತೀರಾ? ನಾಲ್ಕನೇ ನಂಬರಿನವ್ರು. ಹಾಳೆ ಅಂಚಲ್ಲಿ ಒಂದು ಮಾತು ಬರೆದಿದೀನಿ, ಅದನ್ನೂ ನೋಡಿ.”

ಡಾಕ್ಟರು ಬಂದರು. ನಿಂತೇ ಚಿತ್ರ ನೋಡಿದರು, ಆಮೇಲೆ ಕುರ್ಚಿ ಎಳೆದು ಕೂತು ನೋಡಿದರು. ಹಾಳೆಯ ಅಂಚು ಓದಿದರು. “ಹಲ್ಲು!” ಎಂದರು ತಮ್ಮಷ್ಟಕ್ಕೆ. ಅಲ್ಲಿಂದಲೇ ಶಸ್ತ್ರಚಿಕಿತ್ಸೆಯ ಡಾಕ್ಟರಿಗೆ ಫೋನು ಮಾಡಿದರು. ಇದು ಗಡ್ಡೆಗಿಂತ ಕೀವಿನ ಕುರು ಇರುವ ಸಾಧ್ಯತೆಯೇ ಹೆಚ್ಚು, ಒಡೆದು ಮಿದುಳಿನ ನೀರಿನ ಕೋಣೆಗೆ ಇಳಿದರೆ ಕೈಮೀರಿಹೋಗುತ್ತದೆ, ಗುರುವಾರದವರೆಗೆ ಕಾಯುವ ಹಾಗಿಲ್ಲ ಎಂದರು.

ಹೊರಗೆ ಬಂದ ಮೇಷ್ಟ್ರು ಮೇಜಿನ ಮೇಲೆ ಎದ್ದು ಕೂತರು. ಬಹಳ ಕಷ್ಟಪಟ್ಟು, ಒಂದೊಂದೇ ಪದ ಹೆಕ್ಕಿ, “ನೂರಾ ತೊಂಬತ್ತು” ಎಂದರು. ಅಕ್ಕ, “ನೀವೇ ಗೆದ್ರಿ ಮೇಷ್ಟ್ರೇ” ಎಂದು ಅವರ ಚಪ್ಪಲಿ ಹುಡುಕಿ ಕೊಟ್ಟರು.

ಅಂದು ಸಂಜೆಯೇ ತಲೆಬುರುಡೆಗೆ ಒಂದು ಸಣ್ಣ ರಂಧ್ರ ಕೊರೆದು ಸೂಜಿಯಿಂದ ಕೀವು ಎಳೆದರು. ಮೂರು ಚಮಚೆಯಷ್ಟು, ಹಳದಿ ಹಸಿರು ಬಣ್ಣದ್ದು. ಪ್ರಯೋಗಾಲಯದಲ್ಲಿ ಅದನ್ನು ಬೆಳೆಸಿ ನೋಡಿದಾಗ ಸಿಕ್ಕಿದ್ದು ಹಲ್ಲಿನ ಸಂದಿಯಲ್ಲಿ ವಾಸಿಸುವ ಜಾತಿಯ ರೋಗಾಣು. ಆರು ವಾರ ನರಕ್ಕೆ ಔಷಧಿ ಕೊಟ್ಟರು. ಕೊಳೆತ ದವಡೆ ಹಲ್ಲು ಕಿತ್ತರು. ಮೇಷ್ಟ್ರು ಅರ್ಧ ವರ್ಷದ ಮೇಲೆ ತರಗತಿಗೆ ಮರಳಿದರು. ಕೆಲವು ಪದಗಳು ಈಗಲೂ ನಾಲಿಗೆಯ ತುದಿಗೆ ಬಂದು ನಿಲ್ಲುತ್ತವಂತೆ. ಮಕ್ಕಳೇ ಆ ಪದ ಹೇಳಿಕೊಡುತ್ತಾರಂತೆ.

ಕೀವು ತೆಗೆದ ಮೂರು ತಿಂಗಳ ಮೇಲೆ ಮತ್ತೊಂದು ಸ್ಕ್ಯಾನಿಗೆ ಅವರು ಬಂದಿದ್ದರು. ಅಕ್ಕನ ಗುರುತು ಹಿಡಿಯಲಿಲ್ಲ. “ಆ ದಿನಗಳದ್ದು ಒಂದೂ ಸರಿಯಾಗಿ ನೆನಪಿಲ್ಲಮ್ಮ. ಈ ಡಬ್ಬದ ಸದ್ದು ಮಾತ್ರ ನೆನಪಿದೆ, ದರಿದ್ರ ಸದ್ದು” ಎಂದರು. ಅಣ್ಣನೂ ಬಂದಿದ್ದರು. ಅವರು ಬಾಗಿಲಲ್ಲಿ ನಿಂತು, “ಅವತ್ತು ಸ್ವಲ್ಪ ಜೋರಾಗಿ ಮಾತಾಡ್ಬಿಟ್ಟೆ” ಎಂದಷ್ಟೇ ಹೇಳಿದರು. ಆ ಎರಡು ನಿಮಿಷದಲ್ಲಿ ಏನಾಯಿತೆಂದು ಅವರಿಗೂ ಗೊತ್ತಿಲ್ಲ. ಅಕ್ಕ ಹೇಳಲಿಲ್ಲ. “ಆಪರೇಷನ್ ಮಾಡಿದ ಡಾಕ್ಟ್ರಿಗೆ ಹೂಗುಚ್ಛ ಕೊಟ್ರಂತೆ. ಕೊಡ್ಬೇಕಾದ್ದೇ. ಸೂಜಿ ಹಿಡಿದಿದ್ದು ಅವ್ರ ಕೈಯಲ್ವಾ? ಒಂದು ಚೂರು ಆಚೀಚೆ ಆಗಿದ್ರೆ?” ಎಂದು ಆಕೆಯೇ ಸಮಜಾಯಿಷಿ ಕೊಡುತ್ತಾರೆ.

ಎಲ್ಲ ಕತೆಯೂ ಹೀಗೇ ಮುಗಿಯುವುದಿಲ್ಲ. ಮೇಷ್ಟ್ರು ಬಂದುಹೋದ ಎರಡು ತಿಂಗಳಿಗೆ ಒಬ್ಬ ದರ್ಜಿ ಹೆಂಗಸು ಬಂದರು. ಅದೇ ಉಂಗುರ, ಅದೇ ಬೆಳ್ಳಗಿನ ನಡುಭಾಗ. ಅಕ್ಕ ಅಂದು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಹಗುರವಾಗಿದ್ದರು. ಗಂಡ, “ಏನು, ಬಡ್ತಿ ಸಿಕ್ತಾ?” ಎಂದು ಕೇಳುವಷ್ಟು. ನಾಲ್ಕನೇ ದಿನಕ್ಕೆ ಸುದ್ದಿ ಬಂತು. ಅದು ಕೀವಲ್ಲ, ಗಡ್ಡೆಯೇ. ಕೆಲವು ಜಾತಿಯ ಗಡ್ಡೆಗಳೂ ಹಾಗೆ ಹೊಳೆಯುತ್ತವೆ. ರೇಡಿಯಾಲಜಿ ಡಾಕ್ಟರು ವರದಿಯಲ್ಲಿ ಎರಡೂ ಸಾಧ್ಯತೆ ಬರೆದಿದ್ದರು. ಅಕ್ಕ ಮಾತ್ರ ಒಂದನ್ನೇ ಮನಸ್ಸಿಗೆ ಹಚ್ಚಿಕೊಂಡಿದ್ದರು.

“ಅವತ್ತು ನಂಗೆ ನಾನೇ ಬೈಕೊಂಡೆ. ಚಿತ್ರ ತೆಗಿ ಅಂದ್ರೆ ತೀರ್ಪು ಕೊಡೋಕೆ ಹೋಗಿದ್ದೀಯಲ್ಲೇ ಅಂತ. ಚಿತ್ರ ತೋರಿಸುತ್ತೆ, ಮಾತಾಡಲ್ಲ. ಮಾತಾಡೋಕೆ ಡಾಕ್ಟ್ರಿದ್ದಾರೆ, ಅವ್ರೂ ಎಷ್ಟೋ ಸಲ ಸೂಜಿ ಹಾಕಿ ನೋಡಿದ್ಮೇಲೇ ಹೇಳೋದು” ಎನ್ನುತ್ತಾರೆ. “ಆ ತಂಗಿ ಈಗಿಲ್ಲ” ಎಂದು ಸೇರಿಸುತ್ತಾರೆ.

ಈ ಕೆಲಸದಲ್ಲಿ ಯಂತ್ರಕ್ಕಿಂತ ಕಷ್ಟವಾದದ್ದು ಮುಖ. ಸ್ಕ್ಯಾನ್ ಮುಗಿಸಿ ಬಾಗಿಲು ತೆಗೆದ ಕೂಡಲೇ ಬೆಂಚಿನ ಮೇಲೆ ಕೂತವರೆಲ್ಲ ಎದ್ದು ಆಕೆಯ ಮುಖವನ್ನೇ ಓದುತ್ತಾರೆ. ನಕ್ಕರೆ ಏನೂ ಇಲ್ಲವೆಂದು ಅರ್ಥ ಮಾಡಿಕೊಳ್ಳುತ್ತಾರೆ, ನಗದಿದ್ದರೆ ಕುಸಿದು ಕೂರುತ್ತಾರೆ. ಆದ್ದರಿಂದ ಆಕೆ ಒಂದು ಮುಖವನ್ನೂ ಒಂದು ವಾಕ್ಯವನ್ನೂ ರೂಢಿಸಿಕೊಂಡಿದ್ದಾರೆ. ಒಳ್ಳೆಯದಿರಲಿ, ಕೆಟ್ಟದ್ದಿರಲಿ, ಅದೇ ಮುಖ, ಅದೇ ವಾಕ್ಯ: “ಚೆನ್ನಾಗಿ ಸಹಕರಿಸಿದ್ರು. ರಿಪೋರ್ಟ್ ಡಾಕ್ಟ್ರು ಕೊಡ್ತಾರೆ. ಈಗ ಏನಾದ್ರೂ ತಿನ್ನಿಸಿ, ಬೆಳಗ್ಗಿಂದ ಹಸಿದಿದ್ದಾರೆ.” ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದೀರಾ ಎಂದರೆ, ನಾಚಿಕೊಂಡು ಹೌದೆನ್ನುತ್ತಾರೆ.

ಅದರ ಪರಿಣಾಮ ಮನೆಯಲ್ಲಿ ಆಗಿದೆ. ಮಗಳು ಕಾಲೇಜಿನಲ್ಲಿ ಮೊದಲ ದರ್ಜೆಯಲ್ಲಿ ಪಾಸಾದ ಸುದ್ದಿ ಹೇಳಿದಾಗಲೂ ಅಮ್ಮನ ಮುಖ ಹಾಗೇ ಇತ್ತಂತೆ. “ಅಮ್ಮಾ, ನಾನು ನಿನ್ನ ಪೇಷಂಟ್ ಅಲ್ಲ, ಮಗಳು. ಸ್ವಲ್ಪನಾದ್ರೂ ಖುಷಿ ಪಡು ಅಂತ ಕಿರುಚಿದೆ. ಆಮೇಲೆ ಅಮ್ಮ ತಬ್ಕೊಂಡು ಅತ್ತುಬಿಟ್ಳು, ನಂಗೇ ಗಾಬರಿ ಆಯ್ತು” ಎನ್ನುತ್ತಾಳೆ ಮಗಳು.

ನಿವೃತ್ತಿಗೆ ಇನ್ನು ಇಪ್ಪತ್ತು ತಿಂಗಳಿದೆ. ಬಲಗಿವಿ ಸ್ವಲ್ಪ ಮಂದವಾಗಿದೆ. ಕೂತು ಕೂತು ಸೊಂಟ ಹಿಡಿಯುತ್ತದೆ. ಒಮ್ಮೆ ನಿಮ್ಮದೇ ಬೆನ್ನಿನ ಸ್ಕ್ಯಾನ್ ಮಾಡಿಸಿಕೊಳ್ಳಿ ಎಂದು ಡಾಕ್ಟರು ಹೇಳಿದರೆ, “ಅಷ್ಟು ಹೊತ್ತಲ್ಲಿ ಒಬ್ರ ತಲೆ ಮುಗಿಯುತ್ತೆ ಸಾರ್” ಎಂದು ಮುಂದೂಡುತ್ತಲೇ ಇದ್ದಾರೆ. ಕಳೆದ ವರ್ಷ ಆಸ್ಪತ್ರೆಯ ವಾರ್ಷಿಕ ಸಮಾರಂಭದಲ್ಲಿ ಹನ್ನೊಂದು ಜನರಿಗೆ ಶಾಲು ಹೊದಿಸಿದರು. ಆಕೆ ಆ ಹೊತ್ತಿನಲ್ಲಿ ನೆಲಮಾಳಿಗೆಯಲ್ಲಿದ್ದರು. ತುರ್ತಾಗಿ ಬಂದ ಒಂದು ಮಗುವಿನ ಸ್ಕ್ಯಾನ್ ನಡೆಯುತ್ತಿತ್ತು. ಹನ್ನೊಂದು ಜನರಲ್ಲಿ ಆಕೆಯ ಹೆಸರೂ ಇರಲಿಲ್ಲ ಎನ್ನುವುದು ಬೇರೆ ಮಾತು.

ಇಷ್ಟು ವರ್ಷದಲ್ಲಿ ಇದು ನನ್ನದು ಎಂದು ಹೇಳಿಕೊಳ್ಳುವಂಥದ್ದು ಏನಾದರೂ ಇದೆಯೇ ಎಂದು ಕೇಳಿದರೆ, ಅಕ್ಕ ಮೊದಲು “ಅಯ್ಯೋ, ಏನಿದೆ” ಎನ್ನುತ್ತಾರೆ. ಮೇಷ್ಟ್ರ ಹೆಸರು ಎತ್ತುತ್ತಾರೇನೋ ಎಂದುಕೊಂಡರೆ, ಇಲ್ಲ. ಮುಂದಿನ ರೋಗಿಯ ಚೀಟಿಯನ್ನು ಕೈಯಲ್ಲಿ ಹಿಡಿದು, ಅದರಲ್ಲಿನ ಹೆಸರು, ವಯಸ್ಸು, ನಂಬರನ್ನು ಕಂಪ್ಯೂಟರಿನ ಹೆಸರು, ವಯಸ್ಸು, ನಂಬರಿಗೆ ಬೆರಳಿಟ್ಟು ಹೊಂದಿಸಿ ನೋಡುತ್ತಾರೆ. ಒಮ್ಮೆ ನೋಡಿ, ಇನ್ನೊಮ್ಮೆ ನೋಡುತ್ತಾರೆ. ಆಮೇಲೆ ಚೀಟಿ ಕೆಳಗಿಟ್ಟು ಹೇಳುತ್ತಾರೆ:

“ಮೂವತ್ತೊಂದು ವರ್ಷ ಆಯ್ತು. ಒಬ್ರ ಚಿತ್ರದ ಮೇಲೆ ಇನ್ನೊಬ್ರ ಹೆಸರು ಬಂದಿಲ್ಲ. ಎಡಗಡೇದು ಬಲಗಡೆ ಆಗಿಲ್ಲ. ಒಂದು ಸಲಾನೂ ಆಗಿಲ್ಲ.”